ಊರಿಗೆ ಬಂದು ನೆಲೆಸುವವರ ಬಗ್ಗೆ ಧರ್ಮಗಳು ಏನು ಹೇಳುತ್ತವೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮೂರಿನ ಆಲೆಮನೆಗಳಲ್ಲಿ ಉತ್ತರ ಪ್ರದೇಶ ಮತ್ತು ಬಿಹಾರದಿಂದ ಬಂದ ಕೂಲಿಯವರು ಕೆಲಸ ಮಾಡುತ್ತಾರೆ. ಈಚೆಗೆ ಅವರಲ್ಲಿ ಒಂದು ಕುಟುಂಬ ಊರೊಳಗೆ ಬಾಡಿಗೆ ಮನೆ ಕೇಳಿತು. ಕೊಡಬಾರದೆಂದು ಕೆಲವರು ಹಟ ಹಿಡಿದರು. ಇವರು ಬಾಂಗ್ಲಾದೇಶದವರೂ ಇರಬಹುದೆಂದು ಇನ್ನು ಕೆಲವರು ಅನುಮಾನಪಟ್ಟರು. ‘ಅತಿಥಿ ದೇವೋ ಭವ’ ಎಂದು ನಮ್ಮ ಶಾಲೆಯ ಗೋಡೆಯ ಮೇಲೆಯೇ ಬರೆದಿದೆಯಲ್ಲ ಎಂದು ನಾನು ಕೇಳಿದೆ. ಅದು ಬಂದು ಉಂಡು ಹೋಗುವವರಿಗೆ ಹೇಳಿದ ಮಾತು, ಬಂದು ಉಳಿಯುವವರಿಗಲ್ಲ ಎಂದು ಊರಿನ ಹಿರಿಯರೊಬ್ಬರು ಉತ್ತರಿಸಿದರು. ಅವರ ಮಾತು ಶಾಸ್ತ್ರಕ್ಕೆ ಒಪ್ಪುತ್ತದೆಯೇ?
— ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತುಗಳ ನಡುವೆ ಆ ವಾಕ್ಯ ಬರುತ್ತದೆ. ಗೃಹಸ್ಥನ ದಿನನಿತ್ಯದ ನಡವಳಿಕೆಗೆ ಸಂಬಂಧಿಸಿದ ಉಪದೇಶ ಅದು. ಮನುಸ್ಮೃತಿಯಂತೂ ಒಂದು ರಾತ್ರಿ ತಂಗುವವನನ್ನೇ ಅತಿಥಿ ಎಂದು ಕರೆದು, ಯಾವ ವರ್ಣದವರಿಗೆ ಯಾವ ಕ್ರಮದಲ್ಲಿ ಊಟ ಹಾಕಬೇಕೆಂದು ವಿಂಗಡಿಸುತ್ತದೆ. ಆ ವಿಂಗಡಣೆಯನ್ನು ನಾನು ಧರ್ಮವೆಂದು ಒಪ್ಪಲಾರೆ, ಆದರೆ ಅದು ಗ್ರಂಥದಲ್ಲಿ ಇಲ್ಲವೆಂದು ಹೇಳುವುದು ಪ್ರಾಮಾಣಿಕತೆಯಾಗದು.

ಆದರೆ ಅದೇ ತೈತ್ತಿರೀಯದಲ್ಲಿ, ಭೃಗುವಲ್ಲಿಯ ಕೊನೆಯ ಭಾಗದಲ್ಲಿ, ಶಾಲೆಯ ಗೋಡೆಗಳ ಮೇಲೆ ಯಾರೂ ಬರೆಸದ ಇನ್ನೊಂದು ವಾಕ್ಯವಿದೆ: ‘ನ ಕಂಚನ ವಸತೌ ಪ್ರತ್ಯಾಚಕ್ಷೀತ, ತದ್ವ್ರತಮ್.’ ನೆಲೆ ಕೇಳಿ ಬಂದ ಯಾರನ್ನೂ ಇಲ್ಲವೆಂದು ಹಿಂದಿರುಗಿಸಬಾರದು, ಅದು ವ್ರತ ಎಂದು ಇದರ ತಾತ್ಪರ್ಯ. ಕುಲ, ದೇಶ, ಯೋಗ್ಯತೆ ಯಾವುದನ್ನೂ ಇಲ್ಲಿ ಕೇಳಿಲ್ಲ. ಇದಕ್ಕೆ ಸ್ವಲ್ಪ ಮೊದಲು ಅನ್ನವನ್ನು ಹೇರಳವಾಗಿ ಬೆಳೆಸು ಎಂಬ ಇನ್ನೊಂದು ವ್ರತವನ್ನು ಹೇಳಲಾಗಿದೆ. ನೆಲೆ ಕೊಡುವ ಮಾತು ಮುಗಿದೊಡನೆ, ಆದ್ದರಿಂದ ಹೇಗಾದರೂ ಮಾಡಿ ಬಹಳ ಅನ್ನವನ್ನು ಕೂಡಿಸಿಕೊಳ್ಳಬೇಕು ಎಂದು ಉಪನಿಷತ್ತು ಮುಂದುವರಿಯುತ್ತದೆ. ಅಂದರೆ ಬಂದವರಿಗೆ ಕೊಟ್ಟರೆ ನಮಗೆ ಸಾಲದು ಎಂಬ ಭಯವನ್ನು ಋಷಿ ಕಂಡಿದ್ದಾನೆ. ಅದಕ್ಕೆ ಅವನು ಕೊಡುವ ಪರಿಹಾರ ಇನ್ನಷ್ಟು ಬೆಳೆಯುವುದು. ಭತ್ತ ಮತ್ತು ಕಬ್ಬು ಬೆಳೆಯುವ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕುಳಿತು ಈ ಮಾತನ್ನು ಓದುವಾಗ, ಅದು ನೇರವಾಗಿ ನಮ್ಮನ್ನೇ ಉದ್ದೇಶಿಸಿದೆ ಎಂದು ನನಗೆ ಅನ್ನಿಸುತ್ತದೆ.

ಒಂದು ಹೊತ್ತಿನ ಅತಿಥಿಗಿಂತ ಭಿನ್ನವಾದ, ಹೆಚ್ಚು ಗಟ್ಟಿಯಾದ ಹಕ್ಕು ಶರಣು ಬಂದವನಿಗೆ ಉಂಟು. ಇದರ ದೊಡ್ಡ ಚರ್ಚೆ ನಡೆಯುವುದು ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ. ಶತ್ರುವಿನ ತಮ್ಮನಾದ ವಿಭೀಷಣ ಯುದ್ಧದ ಹೊತ್ತಿನಲ್ಲಿ ಸಮುದ್ರ ದಾಟಿ ಬಂದು ಆಶ್ರಯ ಬೇಡುತ್ತಾನೆ. ಇವನು ಗೂಢಚಾರನಿರಬೇಕು, ಹಿಡಿದು ಕೊಲ್ಲಬೇಕು ಎಂದು ಸುಗ್ರೀವ ಹೇಳುತ್ತಾನೆ. ಅಂಗದ ಪರೀಕ್ಷಿಸೋಣ ಎನ್ನುತ್ತಾನೆ, ಜಾಂಬವಂತ ಸಂಶಯಪಡುತ್ತಾನೆ, ಮೈಂದ ಮೃದುವಾಗಿ ವಿಚಾರಿಸೋಣ ಎನ್ನುತ್ತಾನೆ, ಹನುಮಂತ ಮಾತ್ರ ಅವನ ಮುಖದಲ್ಲಿ ಕಪಟವಿಲ್ಲ ಎಂದು ಸ್ವೀಕಾರದ ಪರವಾಗಿ ಮಾತನಾಡುತ್ತಾನೆ. ನಿಮ್ಮೂರಿನ ಅರಳಿಕಟ್ಟೆಯ ಮೇಲೆ ನಡೆದ ಮಾತುಕತೆಗಿಂತ ಇದು ಬಹಳ ಬೇರೆಯಲ್ಲ. ರಾಮ ಯಾರ ಅನುಮಾನವನ್ನೂ ಹಗುರವಾಗಿ ಕಾಣದೆ ಎಲ್ಲರ ಮಾತನ್ನೂ ಕೇಳುತ್ತಾನೆ. ಆಮೇಲೆ, ಸಂಗಾತಿಯನ್ನು ಕೊಂದ ಬೇಡನೇ ಆಶ್ರಯಕ್ಕೆ ಬಂದಾಗ ಅವನಿಗೆ ತನ್ನ ಮಾಂಸವನ್ನೇ ಉಣಿಸಿದ ಪಾರಿವಾಳದ ಕಥೆಯನ್ನು ನೆನೆದು, ‘ಸಕೃದೇವ ಪ್ರಪನ್ನಾಯ’ ಎಂದು ಮೊದಲಾಗುವ ತನ್ನ ವ್ರತವನ್ನು ಸಾರುತ್ತಾನೆ: ನಾನು ನಿನ್ನವನು ಎಂದು ಒಮ್ಮೆ ಕೇಳಿಕೊಂಡವನಿಗೆ ಸಕಲ ಭೂತಗಳಿಂದಲೂ ಅಭಯವನ್ನು ಕೊಡುತ್ತೇನೆ. ಬಂದವನು ರಾವಣನೇ ಆಗಿದ್ದರೂ ಕರೆದು ತಾ ಎಂದು ಸುಗ್ರೀವನಿಗೆ ಹೇಳುವಷ್ಟು ದೂರಕ್ಕೆ ಆ ಮಾತು ಹೋಗುತ್ತದೆ. ವಿಭೀಷಣನನ್ನು ಬಿಡಾರದ ಅಂಚಿನಲ್ಲಿ ಕಾಯಿಸಿಟ್ಟು ಅನ್ನ ಹಾಕಿ ಸುಮ್ಮನಾಗುವುದೂ ಇಲ್ಲ. ಆ ಕಡಲ ತೀರದಲ್ಲಿಯೇ ಅವನಿಗೆ ಲಂಕೆಯ ಪಟ್ಟಾಭಿಷೇಕವಾಗುತ್ತದೆ.

ಶ್ರೀವೈಷ್ಣವ ಸಂಪ್ರದಾಯ ಈ ಸರ್ಗಗಳನ್ನು ಶರಣಾಗತಿ ತತ್ತ್ವದ ತಿರುಳೆಂದು ಕಾಣುತ್ತದೆ. ಆ ಸಂಪ್ರದಾಯದ ಪರಮಾಚಾರ್ಯರು ಆಶ್ರಯ ಕೇಳಿ ಬಂದದ್ದು ನಿಮ್ಮದೇ ತಾಲ್ಲೂಕಿಗೆ. ಗುರುಪರಂಪರೆಯ ಕಥನಗಳ ಪ್ರಕಾರ, ಚೋಳ ದೊರೆಯ ಕಿರುಕುಳದಿಂದ ಪಾರಾಗಲು ರಾಮಾನುಜಾಚಾರ್ಯರು ಕಾವಿ ಬಿಟ್ಟು ಬಿಳಿಯ ಬಟ್ಟೆಯುಟ್ಟು ಶ್ರೀರಂಗದಿಂದ ಹೊರಟರು. ಅವರ ಬದಲಿಗೆ ದೊರೆಯ ಮುಂದೆ ಹೋಗಿ ನಿಂತ ಶಿಷ್ಯ ಕೂರೇಶರು ಕಣ್ಣು ಕಳೆದುಕೊಂಡರು. ಹಸಿದು ದಣಿದಿದ್ದ ಆಚಾರ್ಯರ ತಂಡಕ್ಕೆ ಕಾಡಿನ ಬೇಡರು ಜೇನು ಮತ್ತು ಕಿರುಧಾನ್ಯ ಕೊಟ್ಟರು. ಮಿರ್ಲೆ, ಸಾಲಿಗ್ರಾಮ, ತೊಣ್ಣೂರುಗಳನ್ನು ಹಾದು ಮೇಲುಕೋಟೆಗೆ ಬಂದ ಅವರು ಹೊಯ್ಸಳ ವಿಷ್ಣುವರ್ಧನನ ನಾಡಿನಲ್ಲಿ ಸುಮಾರು 12 ವರ್ಷ ಇದ್ದರೆಂದು ಸಂಪ್ರದಾಯ ಹೇಳುತ್ತದೆ. ವರ್ಷಗಳ ಬಗ್ಗೆ, ಆ ಚೋಳ ದೊರೆ ಯಾರೆಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ; ಆದರೆ ಈ ನೆಲ ತನ್ನ ಬಗ್ಗೆ ತಾನು ಹೇಳಿಕೊಂಡು ಬಂದಿರುವ ಕಥೆ ಇದು. ಬಂದವರು ಉಂಡು ಹೋಗಲಿಲ್ಲ. ಚೆಲುವನಾರಾಯಣನ ಪೂಜಾಕ್ರಮವನ್ನು ಅವರೇ ರೂಪಿಸಿದರು, ಅಸ್ಪೃಶ್ಯರೆನಿಸಿಕೊಂಡಿದ್ದವರನ್ನು ತಿರುಕುಲತ್ತಾರ್, ಅಂದರೆ ಶ್ರೀಕುಲದವರು, ಎಂದು ಗೌರವಿಸಿ ಗುಡಿಯೊಳಗೆ ಕರೆದರು. ದೆಹಲಿಯ ಸುಲ್ತಾನನ ಮಗಳೆಂದು ಐತಿಹ್ಯ ಹೇಳುವ ಬೀಬಿ ನಾಚ್ಚಿಯಾರಳಿಗೂ ಅದೇ ಗುಡಿಯಲ್ಲಿ ಪೂಜೆ ಸಲ್ಲುತ್ತದೆ. ವೈರಮುಡಿ ಉತ್ಸವಕ್ಕೆ ಬೆಟ್ಟ ಹತ್ತುವ ಸಾವಿರಾರು ಮಂದಿಗೆ ಈ ಸಂಗತಿಯನ್ನು ಯಾರೂ ನೆನಪಿಸುವುದಿಲ್ಲ ಎಂಬುದು ನನಗೆ ನಿಜವಾಗಿ ನೋವು ತರುತ್ತದೆ.

ಜೈನರ ಮಾತನ್ನೂ ಇಲ್ಲಿ ಸೇರಿಸಬೇಕು. ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನೂ ಅವರು ದಾನವೆಂದು ಎಣಿಸುತ್ತಾರೆ. ಶ್ರವಣಬೆಳಗೊಳದ ಕಥೆಯೇ 12 ವರ್ಷದ ಕ್ಷಾಮಕ್ಕೆ ಹೆದರಿ ಭದ್ರಬಾಹು ಮುನಿಗಳೊಡನೆ ಉತ್ತರದಿಂದ ನಡೆದು ಬಂದವರ ಕಥೆ.

ಇನ್ನು ಆಲೆಮನೆಯ ಕುಟುಂಬದ ವಿಷಯ. ಅವರು ಉತ್ತರ ಪ್ರದೇಶದವರೋ ಬಿಹಾರದವರೋ ಆಗಿದ್ದರೆ ನಿರಾಶ್ರಿತರೂ ಅಲ್ಲ, ಪರದೇಶದವರೂ ಅಲ್ಲ. ದೇಶದ ಯಾವ ಭಾಗದಲ್ಲಿಯಾದರೂ ವಾಸಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನಿಮಗೆ ಕೊಟ್ಟಿರುವಂತೆಯೇ ಅವರಿಗೂ ಕೊಟ್ಟಿದೆ. ದಾಖಲೆಗಳಲ್ಲಿ ನಿಜವಾದ ಅನುಮಾನವಿದ್ದರೆ ಅದನ್ನು ಪರಿಶೀಲಿಸಲು ಪೊಲೀಸರಿದ್ದಾರೆ. ಮಾತಿನ ಧಾಟಿ ಕೇಳಿ, ಹೆಸರು ಕೇಳಿ ದೇಶ ನಿರ್ಧರಿಸುವ ಅಧಿಕಾರ ಊರಿಗಿಲ್ಲ. ಹಿರಿಯರಿಗೆ ನಾನು ಕೇಳಬಯಸುವುದು ಇಷ್ಟೇ: ಅವರು ದುಡಿಯಲು ಇರಬಹುದು, ವಾಸಿಸಲು ಇರಬಾರದು ಎಂದರೆ ಅದು ಯಾವ ಧರ್ಮದ ಮಾತು? ಏನು ಬಂದಿರಿ, ಕ್ಷೇಮವಾಗಿದ್ದೀರಾ ಎಂದು ಕೇಳಿದರೆ ನಿಮ್ಮ ಮೈಸಿರಿ ಹಾರಿಹೋಗುವುದೇ, ಕುಳಿತುಕೊಳ್ಳಿ ಎಂದರೆ ನೆಲ ಕುಳಿಬೀಳುವುದೇ ಎಂದು ಬಸವಣ್ಣನವರು ಕೇಳಿ ಎಂಟುನೂರು ವರ್ಷಗಳ ಮೇಲಾಯಿತು.

ಪ್ರಶ್ನೆ: ನಾನು ಕ್ರೈಸ್ತಳು, ನನ್ನ ನೆರೆಮನೆಯವರು ಮುಸ್ಲಿಮರು. ವಲಸೆ ಬಂದವರನ್ನು ಸೇರಿಸಿಕೊಳ್ಳಬೇಕೆಂದು ನಮ್ಮಿಬ್ಬರ ಗ್ರಂಥಗಳೂ ಹೇಳುತ್ತವೆ ಎಂದು ನಾವು ಮಾತಾಡಿಕೊಂಡೆವು. ನಮ್ಮ ಮಾತನ್ನು ಕೇಳುತ್ತಿದ್ದ ಒಬ್ಬರು, ಎಲ್ಲ ಮತಗಳೂ ತಮ್ಮವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ ಎಂದರು. ಇದಕ್ಕೆ ಏನೆನ್ನುತ್ತೀರಿ?
— ಓದುಗರೊಬ್ಬರು, ಮೈಸೂರು

ಉತ್ತರ: ಮತಗಳ ಅನುಯಾಯಿಗಳ ಬಗ್ಗೆ ಅವರು ಹಾಗೆ ಹೇಳಿದ್ದರೆ ಎದುರು ವಾದಿಸುವುದು ಕಷ್ಟವಾಗುತ್ತಿತ್ತು. ಗ್ರಂಥಗಳ ಬಗ್ಗೆ ಆ ಮಾತು ನಿಲ್ಲುವುದಿಲ್ಲ.

ಕುರ್‌ಆನಿನ 9ನೇ ಅಧ್ಯಾಯ ಯುದ್ಧದ ಕಾಲದ ಕಠಿಣ ಆಜ್ಞೆಗಳಿಂದ ತುಂಬಿದೆ. ಅಂಥ ಅಧ್ಯಾಯದ 6ನೇ ವಚನವೇ, ಬಹುದೇವತೆಗಳನ್ನು ಆರಾಧಿಸುವವರಲ್ಲಿ ಯಾರಾದರೂ ನಿನ್ನ ಆಶ್ರಯ ಕೇಳಿದರೆ ಕೊಡು, ಅವನು ದೇವರ ಮಾತನ್ನು ಕೇಳುವಂತಾಗಲಿ, ಬಳಿಕ ಅವನನ್ನು ಅವನಿಗೆ ಸುರಕ್ಷಿತವಾದ ಸ್ಥಳಕ್ಕೆ ತಲುಪಿಸು ಎಂದು ಹೇಳುತ್ತದೆ. ಅವನು ಮತಾಂತರವಾದರೆ ಮಾತ್ರ ಎಂಬ ಷರತ್ತು ಅಲ್ಲಿಲ್ಲ. ಇಸ್ಲಾಮಿನ ಆರಂಭವೇ ವಲಸೆಯೊಂದಿಗೆ ಹೆಣೆದುಕೊಂಡಿದೆ. ಮೆಕ್ಕಾದ ಹಿಂಸೆ ತಾಳಲಾರದೆ ಕ್ರಿ.ಶ. 615ರ ಸುಮಾರಿಗೆ ಮೊದಲ ಮುಸ್ಲಿಮರ ಗುಂಪೊಂದು ಕೆಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ (ಈಗಿನ ಇಥಿಯೋಪಿಯಾದ ಕಡೆಗೆ) ಹೋಯಿತು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತ. ಅವರನ್ನು ಹಿಂದಕ್ಕೆ ಕೊಡಿ ಎಂದು ಮೆಕ್ಕಾದ ದೂತರು ಉಡುಗೊರೆಗಳೊಂದಿಗೆ ಬಂದಾಗ, ನಿರಾಶ್ರಿತರ ಪರವಾಗಿ ಜಾಫರ್ ಎಂಬುವರು ಯೇಸುವಿನ ತಾಯಿ ಮರಿಯಮ್ಮನ ಕುರಿತ ಅಧ್ಯಾಯವನ್ನು ಓದಿದರೆಂದೂ, ದೊರೆ ಕಣ್ಣೀರು ಹಾಕಿ ಅವರನ್ನು ಒಪ್ಪಿಸಲು ನಿರಾಕರಿಸಿದನೆಂದೂ ಮುಸ್ಲಿಂ ಪರಂಪರೆಯೇ ಕೃತಜ್ಞತೆಯಿಂದ ಹೇಳಿಕೊಂಡು ಬಂದಿದೆ. ಹೀಗೆ ಮುಸ್ಲಿಮರಿಗೆ ಮೊದಲ ಆಶ್ರಯ ಕೊಟ್ಟವನು ನಿಮ್ಮ ಮತದವನು. ಇದನ್ನು ನೀವಿಬ್ಬರೂ ನಿಮ್ಮ ಮಕ್ಕಳಿಗೆ ಹೇಳಬಹುದು. 622ರಲ್ಲಿ ಮದೀನಕ್ಕೆ ವಲಸೆ ಹೋದವರ ಕಥೆ ಹೆಚ್ಚು ಪರಿಚಿತ: ಪ್ರವಾದಿ ಒಬ್ಬೊಬ್ಬ ವಲಸಿಗನನ್ನು ಒಬ್ಬೊಬ್ಬ ಸ್ಥಳೀಯನಿಗೆ ಸಹೋದರನನ್ನಾಗಿ ಜೋಡಿಸಿದರು, ತಮಗೇ ಕೊರತೆಯಿದ್ದರೂ ಬಂದವರನ್ನು ಮೊದಲು ನೋಡಿಕೊಂಡ ಆ ಊರಿನವರನ್ನು 59ನೇ ಅಧ್ಯಾಯ ಹೊಗಳುತ್ತದೆ.

ಬೈಬಲಿನ ವಿಷಯದಲ್ಲಿ ನಿಮಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಯಾಜಕಕಾಂಡದ 19ನೇ ಅಧ್ಯಾಯ ನಿಮ್ಮ ನಡುವೆ ಇಳಿದುಕೊಂಡ ಪರದೇಶದವನನ್ನು ಸ್ವದೇಶದವನಂತೆಯೇ ಕಂಡು ನಿಮ್ಮಂತೆಯೇ ಪ್ರೀತಿಸಿ ಎನ್ನುತ್ತದೆ. ನೀವೂ ಈಜಿಪ್ಟಿನಲ್ಲಿ ಪರದೇಶದವರಾಗಿದ್ದಿರಿ ಎಂಬುದು ಅದಕ್ಕೆ ಕೊಡುವ ಕಾರಣ. ಅದೇ ಅಧ್ಯಾಯ, ಹೊಲದ ಅಂಚಿನ ತೆನೆಯನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶದವರಿಗೂ ಬಿಡಬೇಕೆಂದು ರೈತನಿಗೆ ಆಜ್ಞಾಪಿಸುತ್ತದೆ. ಹಾಗೆ ಹಕ್ಕಲಾಯಲು ಬಂದ ಮೋವಾಬ್ ದೇಶದ ರೂತಳು ದಾವೀದ ರಾಜನ ಮುತ್ತಜ್ಜಿಯಾದಳು. ಧರ್ಮೋಪದೇಶಕಾಂಡದ 24ನೇ ಅಧ್ಯಾಯವಂತೂ, ಕೂಲಿಯವನು ನಿನ್ನ ಕುಲದವನಾದರೂ ಪರದೇಶದವನಾದರೂ ಅವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡು ಎನ್ನುತ್ತದೆ. ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಹದೀಸ್ (ಪ್ರವಾದಿಯ ಮಾತು) ನಿಮ್ಮ ನೆರೆಮನೆಯವರಿಗೆ ಗೊತ್ತಿರುತ್ತದೆ. ಸ್ವಾಗತವೆಂದರೆ ಹಾರ ಹಾಕುವುದೆಂದು ತಿಳಿಯುವ ನಮ್ಮ ಕಾಲಕ್ಕೆ ಈ ಬಟವಾಡೆಯ ಮಾತು ಹೆಚ್ಚು ಬೇಕಾಗಿದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಮತ್ತಾಯನ ಸುವಾರ್ತೆಯ ಪ್ರಕಾರ ಯೇಸುವೇ ಹೆರೋದನ ಕತ್ತಿಗೆ ಹೆದರಿದ ತಂದೆತಾಯಿಯ ತೋಳಿನಲ್ಲಿ ಈಜಿಪ್ಟಿಗೆ ಓಡಿಹೋದ ಕೂಸು. ಅದೇ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ಪರದೇಶದವನಾಗಿದ್ದ ನನ್ನನ್ನು ಸೇರಿಸಿಕೊಂಡಿರಾ ಎಂಬುದರ ಮೇಲೆ ಕೊನೆಯ ತೀರ್ಪು ನಿಂತಿದೆ.

ಎದುರು ದನಿಗಳೂ ಇವೆ. ಬೈಬಲಿನದೇ ಎಜ್ರನ ಗ್ರಂಥದಲ್ಲಿ ಅನ್ಯದೇಶದ ಹೆಂಡತಿಯರನ್ನು ಮಕ್ಕಳೊಂದಿಗೆ ಹೊರಗೆ ಕಳುಹಿಸಿದ ವರದಿಯಿದೆ. ನಮ್ಮ ಕಾಲದಲ್ಲಿಯೇ, ಮೈತ್ರಿ ಕರುಣೆಗಳನ್ನು ಬೋಧಿಸಬೇಕಾದ ಕೆಲವು ಭಿಕ್ಷುಗಳು ಮ್ಯಾನ್ಮಾರಿನಲ್ಲಿ ರೋಹಿಂಗ್ಯಾ ಮುಸ್ಲಿಮರ ವಿರುದ್ಧ ದ್ವೇಷ ಹರಡಿದರು. 2017ರ ಆಗಸ್ಟ್ ನಂತರ 7 ಲಕ್ಷಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶಕ್ಕೆ ಓಡಿಬಂದರು. ಹಾಗೆ ಬಂದವರಿಗೆ ಕಾಕ್ಸ್ ಬಜಾರಿನಲ್ಲಿ ಜಾಗ ಕೊಟ್ಟದ್ದು ತಾನೇ ಬಡತನದಲ್ಲಿರುವ ದೇಶ. ನಮ್ಮಲ್ಲಿ 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಮತಗಳವರಿಗೆ ದಾರಿ ತೆರೆದು ಮುಸ್ಲಿಮರನ್ನು ಹೊರಗಿಟ್ಟಿತು. ಕಿರುಕುಳಕ್ಕೊಳಗಾದ ಅಲ್ಪಸಂಖ್ಯಾತರಿಗೆ ನೆಲೆ ಕೊಟ್ಟದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸಂಕಟದಲ್ಲಿರುವವನ ಮತವನ್ನು ಮೊದಲು ಕೇಳುವ ಕ್ರಮವನ್ನು ಮಾತ್ರ ಮೇಲೆ ಹೇಳಿದ ಯಾವ ಗ್ರಂಥವಾಕ್ಯವೂ ಬೆಂಬಲಿಸುವುದಿಲ್ಲ.

ಪ್ರಶ್ನೆ: ಬೈಲಕುಪ್ಪೆಯ ಕ್ಯಾಂಪುಗಳಲ್ಲಿ ಟಿಬೆಟನ್ನರು ನೆಲೆಸಿ 60 ವರ್ಷಗಳ ಮೇಲಾಯಿತು. ಅವರಿಗೆ ಜಮೀನು ಸಿಕ್ಕಿತು, ಸುವರ್ಣ ದೇವಾಲಯ ಎದ್ದಿತು. ನಮ್ಮ ಪಕ್ಕದ ಹಾಡಿಯ ಜನರಿಗೆ ಇನ್ನೂ ಸರಿಯಾದ ನೆಲವಿಲ್ಲ. ನಮ್ಮವರನ್ನು ಮೊದಲು ನೋಡಿಕೊಳ್ಳುವುದು ಧರ್ಮವಲ್ಲವೇ? ಆಶ್ರಯ ಕೊಡುವ ಕರ್ತವ್ಯಕ್ಕೆ ಒಂದು ಅವಧಿ ಇಲ್ಲವೇ?
— ಓದುಗರೊಬ್ಬರು, ಪಿರಿಯಾಪಟ್ಟಣ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ನೋವುಗಳಿವೆ, ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿದರು. ಅವರಿಗೆ ಜಾಗ ಕೊಡಿ ಎಂದು ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದದ್ದು ನಮ್ಮ ಮೈಸೂರು ರಾಜ್ಯ, ಎಸ್. ನಿಜಲಿಂಗಪ್ಪನವರ ಔದಾರ್ಯವನ್ನು ದಲೈ ಲಾಮಾ ಅನೇಕ ಸಲ ಬಹಿರಂಗವಾಗಿ ನೆನೆದಿದ್ದಾರೆ. ಬೈಲಕುಪ್ಪೆಯಲ್ಲಿ ಕೊಟ್ಟದ್ದು ಸುಮಾರು 3,000 ಎಕರೆ, ಅದು ಆಗ ಕಾಡು. ತಣ್ಣನೆಯ ಎತ್ತರದ ನಾಡಿನಿಂದ ಬಂದವರು ಸೆಕೆ, ಕಾಯಿಲೆ ಮತ್ತು ಆನೆಗಳ ನಡುವೆ ಅದನ್ನು ಕಡಿದು ಹದಮಾಡಿ ಮುಸುಕಿನ ಜೋಳ ಬೆಳೆದರು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ, 1970ರಲ್ಲಿ ಸೇರಾ ಮಠ ಇಲ್ಲಿ ನೆಲೆಯೂರಿದವು. ನೀವು ಹೇಳುವ ಸುವರ್ಣ ದೇವಾಲಯ ಆದದ್ದು 1999ರಲ್ಲಿ, ಎಂದರೆ ಬಂದವರ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ. ನೆಲ ಇಂದಿಗೂ ಅವರ ಸ್ವಂತದ್ದಲ್ಲ. ನಿರಾಶ್ರಿತರಾಗಿಯೇ ಉಳಿದಿರುವವರು ತಮ್ಮ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಿರಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಜನ್ಮದಿಂದಲೇ ಪ್ರಜೆಗಳು ಎಂಬ ಕಾನೂನು ಅವರಿಗೂ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಬೇಕಾಯಿತು.

ಹಾಡಿಯವರ ಸಂಕಟ ಸುಳ್ಳಲ್ಲ. ನಾಗರಹೊಳೆಯ ಕಾಡಿನಿಂದ ಹೊರಗೆ ಬಂದ ಜೇನುಕುರುಬರ ಪಾಡನ್ನು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಸುತ್ತ ನೋಡಿದವರು ಯಾರೂ ಅದನ್ನು ಅಲ್ಲಗಳೆಯಲಾರರು. ಆದರೆ ಅವರ ನೆಲ ಹೋದದ್ದು ಟಿಬೆಟನ್ನರು ಬಂದದ್ದರಿಂದಲ್ಲ. ಕಾಡನ್ನು ರಕ್ಷಿಸುವ ಹೆಸರಿನಲ್ಲಿ ಕಾಡಿನ ಮಕ್ಕಳನ್ನು ಹೊರಗಿಟ್ಟ ನಮ್ಮದೇ ನೀತಿಗಳಿಂದ. ಒಬ್ಬರಿಗೆ ಕೊಟ್ಟದ್ದನ್ನು ಕಿತ್ತುಕೊಂಡರೆ ಇನ್ನೊಬ್ಬರಿಗೆ ಎಕರೆ ನೆಲವೂ ಹೆಚ್ಚಾಗುವುದಿಲ್ಲ. ಹಳೆಯ ಒಡಂಬಡಿಕೆ ಅನಾಥ, ವಿಧವೆ ಮತ್ತು ಪರದೇಶದವನನ್ನು ಮತ್ತೆ ಮತ್ತೆ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಕುರ್‌ಆನ್ ಜಕಾತ್ ಎಂಬ ಕಡ್ಡಾಯ ದಾನ ಯಾರಿಗೆ ಸಲ್ಲಬೇಕೆಂದು ಎಂಟು ವರ್ಗಗಳನ್ನು ಹೇಳುವಾಗ ಊರಿನ ಬಡವನನ್ನೂ ದಾರಿಹೋಕನನ್ನೂ ಒಂದೇ ಸಾಲಿನಲ್ಲಿ ಇಡುತ್ತದೆ. ಇವರನ್ನು ಒಬ್ಬರಿಗೊಬ್ಬರು ಪೈಪೋಟಿಯಾಗಿ ನಿಲ್ಲಿಸಿದ್ದನ್ನು ನಾನು ಯಾವ ಪರಂಪರೆಯ ಮೂಲಗ್ರಂಥದಲ್ಲಿಯೂ ಕಂಡಿಲ್ಲ. ಹಾಡಿಯವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಸಲ್ಲಬೇಕಾದ ಹಕ್ಕುಪತ್ರಕ್ಕಾಗಿ ನೀವು ಗ್ರಾಮಸಭೆಯಲ್ಲಿ ದನಿಯೆತ್ತಿದರೆ, ನಿಮ್ಮೊಂದಿಗೆ ನಿಲ್ಲುವಂತೆ ಕ್ಯಾಂಪಿನ ಮಠಗಳನ್ನೂ ಕೇಳುವ ಹಕ್ಕು ನಿಮಗಿದೆ. ಆಶ್ರಯ ಪಡೆದವರಿಗೂ ನೆರೆಯವರ ಋಣವಿದೆ ಎಂಬುದು ಬೌದ್ಧರಿಗೆ ಹೊಸ ಮಾತಲ್ಲ. ಮಾಡಿದ ಉಪಕಾರವನ್ನು ಅರಿಯುವುದನ್ನು ಬುದ್ಧ ಸಜ್ಜನರ ಲಕ್ಷಣವೆಂದೇ ಹೇಳಿದ್ದಾನೆ.

ಅವಧಿಯ ಬಗ್ಗೆ: ಅತಿಥಿಗೆ ಶಾಸ್ತ್ರ ಅವಧಿ ಹೇಳಿದೆ, ಶರಣು ಬಂದವನಿಗೆ ಹೇಳಿಲ್ಲ. ಪಿರಿಯಾಪಟ್ಟಣದ ಮಣ್ಣಿನಲ್ಲಿ ಹುಟ್ಟಿ, ಕನ್ನಡದಲ್ಲಿ ವ್ಯಾಪಾರ ಮಾಡುವ ಮೂರನೆಯ ತಲೆಮಾರಿನವರನ್ನು ಇನ್ನೂ ಅತಿಥಿಗಳೆಂದು ಕರೆಯುವುದೇ ಸರಿಯಲ್ಲ. ಓದಿದ ಯುವಕರು ಅಮೆರಿಕ, ಕೆನಡಾಗಳಿಗೆ ಹೊರಟು ಕ್ಯಾಂಪುಗಳಲ್ಲಿ ಜನ ಕಡಿಮೆಯಾಗುತ್ತಿದ್ದಾರೆ. ಅವರು ಹೋಗುವ ಮೊದಲು ನೆರೆಹೊರೆಯ ಸಂಬಂಧವನ್ನು ಗಟ್ಟಿಮಾಡಿಕೊಳ್ಳುವ ಕಾಲ ಇದು.

ಪ್ರಶ್ನೆ: ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದುವ ಅಫ್ಘನ್ ವಿದ್ಯಾರ್ಥಿಯೊಬ್ಬ ನಮ್ಮ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೇಳುತ್ತಿದ್ದಾನೆ. ಕೊಡಬೇಕೆಂಬ ಮನಸ್ಸಿದೆ, ಕಾನೂನಿನ ಭಯವೂ ಇದೆ.
— ಓದುಗರೊಬ್ಬರು, ಮೈಸೂರು

ಉತ್ತರ: ಕೊಡಿ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಸೇರಿದಾಗ ನಮ್ಮೂರಿನಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳು ಮನೆಯವರ ಸುದ್ದಿಗಾಗಿ ಪಟ್ಟ ಆತಂಕವನ್ನು ಮೈಸೂರು ಕಂಡಿದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದರೂ, ಜೀವದ ಹಕ್ಕನ್ನು ಕಾಯುವ 21ನೇ ವಿಧಿ ಪ್ರಜೆಗಳಲ್ಲದವರಿಗೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಹೇಳಿದೆ. ನೀವು ಮಾಡಬೇಕಾದದ್ದು ಇಷ್ಟು: ಅವನ ಪಾಸ್‌ಪೋರ್ಟ್, ವೀಸಾ ಮತ್ತು ನೋಂದಣಿಯ ಪ್ರತಿಗಳನ್ನು ಪಡೆದುಕೊಳ್ಳಿ, ಅವನು ಬಂದ 24 ಗಂಟೆಯೊಳಗೆ ವಿದೇಶಿಯನಿಗೆ ವಸತಿ ಕೊಟ್ಟದ್ದನ್ನು ತಿಳಿಸುವ ನಮೂನೆಯನ್ನು (2025ರವರೆಗೆ ಇದನ್ನು ‘ಫಾರ್ಮ್ ಸಿ’ ಎನ್ನುತ್ತಿದ್ದರು) ಆನ್‌ಲೈನ್‌ನಲ್ಲಿ ಸಲ್ಲಿಸಿ, ಬಾಡಿಗೆ ಕರಾರನ್ನು ಬೇರೆ ಯಾವ ಬಾಡಿಗೆದಾರನಿಗೆ ಮಾಡುವಿರೋ ಹಾಗೆಯೇ ಮಾಡಿ, ಮುಂಗಡವನ್ನೂ ಅವರಿಂದ ಕೇಳುವಷ್ಟೇ ಕೇಳಿ. ವೀಸಾದ ಅವಧಿ ಮುಗಿಯುತ್ತಿದ್ದರೆ ವಿಶ್ವವಿದ್ಯಾನಿಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಕೆಲಸ ನೋಡಿಕೊಳ್ಳುವ ಕಚೇರಿಗೆ ಅವನನ್ನು ಕಳುಹಿಸಿ, ಸಾಧ್ಯವಾದರೆ ಮೊದಲ ಸಲ ನೀವೇ ಜೊತೆಗೆ ಹೋಗಿ.